ಎರಡು ಶಾಲುಗಳ ಮ್ಯಾನೇಜರ್

ಯಾರನ್ನಾದರೂ ಒಂದು ಸ್ಥಾನದಿಂದ ಇಳಿಸಬೇಕೆಂದು ತೀರ್ಮಾನಿಸಿದ ಮೇಲೆ ಆ ಮಾತನ್ನು ನೀವು ಅವರ ಮುಖ ನೋಡಿ ಹೇಳಿದ್ದೀರಾ, ಇಲ್ಲವೇ ಹೆಗಲಿಗೊಂದು ಶಾಲು ಹೊದಿಸಿ, ಕೈಗೊಂದು ತೆಂಗಿನಕಾಯಿ ಕೊಟ್ಟು, ಅರ್ಥ ಮಾಡಿಕೊಳ್ಳುವ ಹೊರೆಯನ್ನು ಅವರ ಮೇಲೆಯೇ ಬಿಟ್ಟು ಮನೆಗೆ ಹೋಗಿದ್ದೀರಾ? ಉತ್ತರವನ್ನು ನನಗೆ ತಿಳಿಸಬೇಕಾಗಿಲ್ಲ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಸಿಂದಗಿಯ ನಮ್ಮ ಫುಟ್‌ಬಾಲ್ ಸಂಘ ಯಾವ ಉತ್ತರವನ್ನು ಆರಿಸಿಕೊಂಡಿತೆಂಬುದನ್ನು ಮಾತ್ರ ನಾನು ಹೇಳಬಲ್ಲೆ. ನಾನು ಆ ಸಂಘದ ಕಾರ್ಯದರ್ಶಿಯಾಗಿದ್ದೆ. ವಿಜಾಪುರದ ಕಾಲೇಜಿನಿಂದ ಚರ್ಚಾಸ್ಪರ್ಧೆಯ ಬಹುಮಾನದ ಢಾಲುಗಳನ್ನು ಹೊತ್ತು ತಂದಿದ್ದೇ ಆ ಹುದ್ದೆಗೆ ನನಗಿದ್ದ ಅರ್ಹತೆ.

ಸಿಂದಗಿಯಲ್ಲಿ ಫುಟ್‌ಬಾಲ್ ಏಕೆ ಎಂದು ಕೇಳುವವರಿಗೆ ಸಿಟ್ಟಾಗುವ ಹಕ್ಕು ನನಗಿಲ್ಲ. ಬೆಳಗಾವಿಯ ಕಡೆಯಿಂದ ವರ್ಗವಾಗಿ ಬಂದಿದ್ದ ಬ್ಯಾಂಕ್ ಮ್ಯಾನೇಜರೊಬ್ಬರು ಸಂಜೆ ಹೊತ್ತು ಹೋಗದೆ ಹುಡುಗರನ್ನು ಕೂಡಿಸಿ ತಂಡ ಕಟ್ಟಿದರು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿದ್ದ ತಮ್ಮ ಗೆಳೆಯರಿಗೂ ಅದೇ ರೋಗ ಹಚ್ಚಿದರು. ಹೀಗೆ ನಾಲ್ಕು ಊರುಗಳ ನಡುವೆ ಪ್ರತಿ ಚಳಿಗಾಲ ಪಂದ್ಯಗಳು ನಡೆಯತೊಡಗಿದವು. ಆಮೇಲೆ ಅವರು ಮತ್ತೆ ವರ್ಗವಾಗಿ ಹೋದರು, ರೋಗ ಇಲ್ಲಿಯೇ ಉಳಿಯಿತು. ನಮ್ಮ ಮೈದಾನವೆಂದರೆ ದನದ ಸಂತೆ ಕೂಡುವ ಬಯಲು. ಎರೆಮಣ್ಣು. ಮಳೆಗಾಲದಲ್ಲಿ ಚೆಂಡು ಬಿದ್ದಲ್ಲೇ ಅಂಟಿಕೊಳ್ಳುತ್ತಿತ್ತು, ಬೇಸಿಗೆಯಲ್ಲಿ ಬಾಯ್ದೆರೆದ ಬಿರುಕುಗಳು ಮನುಷ್ಯನ ಪಾದವನ್ನೇ ನುಂಗುತ್ತಿದ್ದವು. ಗೋಲಿನ ಕಂಬಗಳು ನೀಲಗಿರಿ ಮರದವು. ಬಲೆಯನ್ನು ಆಲಮಟ್ಟಿಯ ಮೀನುಗಾರರಿಂದ ತಂದಿದ್ದೆವು. ಅದು ಮೀನನ್ನು ಹೇಗೆ ಹಿಡಿಯುತ್ತಿತ್ತೋ ತಿಳಿಯದು, ನಮ್ಮ ಗೋಲ್‌ಕೀಪರನ ಬೂಟನ್ನಂತೂ ತಪ್ಪದೇ ಹಿಡಿಯುತ್ತಿತ್ತು.

ಬ್ಯಾಂಕಿನವರು ಹೋದ ಮೇಲೆ ಹಲವು ವರ್ಷ ತಂಡದ ಮ್ಯಾನೇಜರ್ ಆಗಿದ್ದವರು ನಿವೃತ್ತ ಡ್ರಿಲ್ ಮಾಸ್ತರರು. ಊರಿನ ಅರ್ಧ ಗಂಡಸರನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದವರು, ನನ್ನನ್ನೂ ಸೇರಿಸಿ. ಅವರ ಆಟದ ತತ್ತ್ವ ಸರಳವಾಗಿತ್ತು: ಚೆಂಡು ಎಲ್ಲಿದೆಯೋ ಅಲ್ಲಿ ಎಲ್ಲರೂ ಇರಬೇಕು. ಬೆಲ್ಲದ ಚೂರಿನ ಹಿಂದೆ ಇರುವೆಗಳು ಹೋದಂತೆ ನಮ್ಮವರು ಚೆಂಡಿನ ಹಿಂದೆ ಹೋಗುತ್ತಿದ್ದರು. ಎದುರಾಳಿಗಳು ಖಾಲಿಯಾಗಿ ಬಿದ್ದ ಉಳಿದ ಮೈದಾನದಲ್ಲಿ ನಿರಾತಂಕವಾಗಿ ಗೋಲು ಹೊಡೆಯುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಮಾಸ್ತರರು ಹಿಂದೆ ಸರಿದಾಗ ಆ ಸ್ಥಾನಕ್ಕೆ ಬಂದವನು ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿಯ ಯುವಕ. ನಮ್ಮ ತಂಡದ ಒಳ್ಳೆಯ ಫಾರ್ವರ್ಡ್ ಆಗಿದ್ದ. ಒಂದು ಅಭ್ಯಾಸದ ದಿನ ಅವನ ಕಾಲು ಬಿರುಕಿನಲ್ಲಿ ಸಿಕ್ಕಿ ಮೊಣಕಾಲು ತಿರುಚಿತು, ಇನ್ನು ಆಡಬಾರದೆಂದು ಡಾಕ್ಟರು ಹೇಳಿದರು. ಆಡಲಾರದವನನ್ನು ಏನು ಮಾಡುವುದೆಂದು ತಿಳಿಯದೆ ಸಂಘ ಅವನನ್ನು ಮ್ಯಾನೇಜರ್ ಮಾಡಿತು. ಮೀಸೆ ಇನ್ನೂ ದಟ್ಟವಾಗಿರಲಿಲ್ಲ. ಅನುಭವ ಎಂಬುದು ಅವನ ಬಳಿ ಎಳ್ಳಷ್ಟೂ ಇರಲಿಲ್ಲ.

ಅವನು ಮಾಡಿದ ಬದಲಾವಣೆಗಳನ್ನು ಕೇಳಿದರೆ ಊರೇಕೆ ಕೆರಳಿತೆಂದು ತಿಳಿಯುತ್ತದೆ. ಅಭ್ಯಾಸವನ್ನು ಸಂಜೆಯಿಂದ ನಸುಕಿಗೆ ತಂದ. ಪಂದ್ಯಕ್ಕೆ ಮುಂಚೆ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿನ್ನುವುದನ್ನು ನಿಲ್ಲಿಸಿದ. ಎಲ್ಲರೂ ಚೆಂಡಿನ ಹಿಂದೆ ಓಡಬೇಡಿರೆಂದ. ಎಲ್ಲಕ್ಕಿಂತ ಮಿಗಿಲಾಗಿ, ಸಂಘದ ಅಧ್ಯಕ್ಷರಾಗಿದ್ದ ಕಾಳುಕಡಿ ಮಾರಾಟದ ಅಡತಿ ಅಂಗಡಿಯ ಸಾಹುಕಾರರ ಸೋದರಳಿಯನು ನಸುಕಿನಲ್ಲಿ ಏಳುವುದಿಲ್ಲವೆಂಬ ಕ್ಷುಲ್ಲಕ ಕಾರಣಕ್ಕೆ ಅವನನ್ನು ತಂಡದಿಂದ ಹೊರಗೆ ಕೂರಿಸಿದ. ಇಷ್ಟೆಲ್ಲ ಮಾಡಿ ಗೆದ್ದಿದ್ದರೆ ಜನ ಸಹಿಸುತ್ತಿದ್ದರು. ಇಂಡಿಗೆ ಸೋತೆವು, ಮುದ್ದೇಬಿಹಾಳಕ್ಕೆ ಇನ್ನೂ ಹೀನಾಯವಾಗಿ ಸೋತೆವು. ಆ ಚಳಿಗಾಲದಲ್ಲಿ ಉಳಿದದ್ದು ಬಸವನ ಬಾಗೇವಾಡಿಯ ಪಂದ್ಯವೊಂದೇ. ಅಷ್ಟರೊಳಗೆ ಮ್ಯಾನೇಜರನನ್ನು ಬದಲಿಸಬೇಕೆಂದು ಅಧ್ಯಕ್ಷರು ಸಮಿತಿಯ ಸಭೆ ಕರೆದರು.

ಸಭೆ ಅಡತಿ ಅಂಗಡಿಯಲ್ಲಿ, ತೊಗರಿ ಚೀಲಗಳ ಮೇಲೆ ಕುಳಿತು ನಡೆಯಿತು. ಮೊದಲು ಮಾತೆತ್ತಿದವರು ಡ್ರಿಲ್ ಮಾಸ್ತರರು. ಸಕ್ಕರೆ ಕಾಯಿಲೆ ಅಷ್ಟರಲ್ಲಿ ಹತೋಟಿಗೆ ಬಂದಿತ್ತು.

"ಹುಡುಗಗ ಅನುಭವ ಇಲ್ರಿ. ಅನುಭವ ಇಲ್ದಾವ ತಂಡ ಹ್ಯಾಂಗ ನಡಸ್ತಾನ?"

"ನಿಮ್ಮ ಕಾಲದಾಗೂ ಸೋಲತಿದ್ವಲ್ರಿ ಗುರುಗಳ?" ಎಂದು ನಾನು ಕೇಳಿದೆ.

"ಸೋಲತಿದ್ವಿ, ಇಲ್ಲಂದ್ರ್ಯಾರು? ಆದ್ರ ಯಾಕ ಸೋತ್ವಿ ಅಂತ ನನಗ ಗೊತ್ತಿರ್ತಿತ್ತು. ಇಂವಗ ಅದೂ ಗೊತ್ತಾಗೂದಿಲ್ಲ."

ಅಧ್ಯಕ್ಷರು ಗಂಭೀರವಾಗಿ ತಲೆಯಾಡಿಸಿದರು. "ನಮ್ಮ ಅಳಿಯನ್ನ ಹೊರಗ ಕುಂದ್ರಿಸ್ಯಾನ. ಅದು ಬ್ಯಾರೆ ಮಾತ. ಅದಕ್ಕಂತ ನಾ ಹೇಳಾಕತ್ತಿಲ್ಲ. ಆದ್ರ ಕುಂದ್ರಿಸ್ಯಾನ."

ನಾನು ಎದ್ದು ನಿಂತು, ಚೀಲಗಳ ನಡುವೆ ನಿಲ್ಲಲು ಸಾಧ್ಯವಿದ್ದಷ್ಟು ನೆಟ್ಟಗೆ ನಿಂತು, ನನ್ನ ವಾದವನ್ನು ಮಂಡಿಸಿದೆ. ಹುಡುಗನಲ್ಲಿ ತಪ್ಪುಗಳಿಲ್ಲವೆಂದು ನಾನು ಹೇಳಲಿಲ್ಲ. ನಿಧಾನವಾಗಿ ಓಡುವ ಇಬ್ಬರನ್ನು ಅವನು ಹಿಂದೆ, ಒಟ್ಟಿಗೇ ನಿಲ್ಲಿಸುತ್ತಿದ್ದ. ಚೆಂಡು ಕಾಲಿನಲ್ಲಿದ್ದವನ ಮೇಲೆ ಅಂಚಿನಿಂದ ಕೂಗಾಡಿ ಅವನನ್ನು ಗಲಿಬಿಲಿಗೊಳಿಸುತ್ತಿದ್ದ. ಪಂದ್ಯದ ನಡುವೆ ಆಟಗಾರರನ್ನು ಬದಲಿಸಲು ಹಿಂಜರಿಯುತ್ತಿದ್ದ. ಇವು ತಿದ್ದಬಹುದಾದ ತಪ್ಪುಗಳೋ ಅಲ್ಲವೋ ಎಂಬುದು ಚರ್ಚೆಗೆ ಯೋಗ್ಯವಾದ ಪ್ರಶ್ನೆ. ಆದ್ದರಿಂದ ಅವನನ್ನು ಸಭೆಗೆ ಕರೆಸಿ, ಅವನ ಎದುರಿಗೇ ಚರ್ಚಿಸಿ, ತೆಗೆಯುವುದಾದರೆ ಎದುರಿಗೇ ತೆಗೆಯೋಣ ಎಂದೆ.

ಅಧ್ಯಕ್ಷರು ನನ್ನನ್ನು ಕರುಣೆಯಿಂದ ನೋಡಿದರು. "ಎದುರಿಗೆ ಹ್ಯಾಂಗ ಅನ್ನೂದ್ರಿ ಸೆಕ್ರೆಟರಿ ಸಾಹೇಬ್ರ? ಹುಡುಗನ ಮನಸ್ಸಿಗೆ ಹತ್ತಂಗಿಲ್ಲೇನು?"

"ಬೆನ್ನ ಹಿಂದ ತಗದ್ರ ಹತ್ತಂಗಿಲ್ಲೇನ್ರಿ?"

"ಬೆನ್ನ ಹಿಂದ ಯಾರ್ ತಗೀತಾರ್ರಿ? ನಾವೇನ್ ಅಷ್ಟ ಕೆಟ್ಟವ್ರು? ಸತ್ಕಾರ ಮಾಡಿ ತಗಿಯೂನು."

ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಯಾರನ್ನೂ ಬಿಡು ಎಂದು ಹೇಳಿ ಬಿಡಿಸುವುದಿಲ್ಲ. ಸತ್ಕಾರ ಮಾಡುತ್ತಾರೆ. ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರಿಗೆ ಕಿವಿ ಮಂದವಾದಾಗ ಯಾರೂ ಆ ಮಾತೆತ್ತಲಿಲ್ಲ. ತಲೆಗೆ ರುಮಾಲು ಸುತ್ತಿದರು, ಶಾಲು ಹೊದಿಸಿದರು, ನಾದಬ್ರಹ್ಮ ಎಂದು ಕರೆದರು. ಆ ಹಿರಿಯರು ಅದೇ ವೇದಿಕೆಯ ಮೇಲೆ ಕಣ್ಣೊರೆಸಿಕೊಂಡು, ಇನ್ನು ಹೊಸಬರು ನುಡಿಸಲಿ ಎಂದರು. ವಾಚನಾಲಯದ ಮೇಲ್ವಿಚಾರಕರೂ ಹೀಗೆಯೇ ಹೋದರು. ಜೀವಮಾನದಲ್ಲಿ ಒಂದು ಒಳ್ಳೆಯ ಮಾತನ್ನೂ ಕೇಳದವನು ತನ್ನ ಬಗ್ಗೆ ಹತ್ತಾರು ಒಳ್ಳೆಯ ಮಾತುಗಳನ್ನು ಒಮ್ಮೆಲೇ ಕೇಳಿದನೆಂದರೆ, ಮರುದಿನ ತನ್ನ ಕುರ್ಚಿಯ ಮೇಲೆ ಬೇರೊಬ್ಬರು ಕೂರುತ್ತಾರೆಂದು ತಿಳಿಯಬೇಕು. ಅದನ್ನು ತಿಳಿದುಕೊಳ್ಳುವುದನ್ನೇ ನಮ್ಮ ಹಿರಿಯರು ಅನುಭವ ಎನ್ನುತ್ತಿದ್ದರು.

ನನ್ನ ಸೂಚನೆಗೆ ನನ್ನದೊಂದೇ ಕೈ ಎದ್ದಿತು. ಸತ್ಕಾರ ಮಾಡಿ ತೆಗೆಯಲು ಉಳಿದೆಲ್ಲ ಕೈಗಳೂ ಚುರುಕಾಗಿ ಎದ್ದವು. ಬಿನ್ನವತ್ತಳೆ, ಅಂದರೆ ಸತ್ಕಾರದಲ್ಲಿ ಓದಿ ಚೌಕಟ್ಟು ಹಾಕಿಸಿ ಕೊಡುವ ಹೊಗಳಿಕೆಯ ಪತ್ರ, ಬರೆಯುವ ಕೆಲಸವನ್ನೂ ನನಗೇ ವಹಿಸಿದರು. ಸತ್ಯವನ್ನಲ್ಲದೆ ಬೇರೇನನ್ನೂ ಬರೆಯಲಾರೆನೆಂದು ಷರತ್ತು ಹಾಕಿದೆ. "ಏನರೆ ಬರೀರಿ, ಉದ್ದ ಇರ್ಲಿ" ಎಂದರು ಅಧ್ಯಕ್ಷರು.

ಸತ್ಕಾರ ಶಾಲೆಯ ಅಂಗಳದಲ್ಲಿ ನಡೆಯಿತು. ಆಟಗಾರರೆಲ್ಲ ಬಂದಿದ್ದರು, ಊರ ಪ್ರಮುಖರೂ ಬಂದಿದ್ದರು. ಗುಲಾಬಿ ರುಮಾಲು ಹುಡುಗನ ತಲೆಗೆ ದೊಡ್ಡದಾಗಿ ಕಿವಿಯವರೆಗೆ ಇಳಿಯಿತು. ಸೋತ ಮರುದಿನವೂ ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬರುವವರು, ಯಾರ ಮನೆತನವನ್ನೂ ನೋಡದೆ ಆಟವನ್ನಷ್ಟೇ ನೋಡಿ ತಂಡ ಆರಿಸುವವರು ಎಂದು ನಾನು ಬರೆದಿದ್ದೆ. ಅಧ್ಯಕ್ಷರು ಅದನ್ನು ಎತ್ತರದ ದನಿಯಲ್ಲಿ, ತಮ್ಮ ಅಳಿಯ ಮುಂದಿನ ಸಾಲಿನಲ್ಲಿ ಕುಳಿತಿರುವಾಗಲೇ, ಓದಿದರು. ಮಾಸ್ತರರು ಹುಡುಗನನ್ನು ಸಿಂದಗಿಯ ಹೆಮ್ಮೆ ಎಂದರು. ಎಲ್ಲ ಕ್ರಮವಾಗಿ ನಡೆಯಿತು. ಈಗ ಹುಡುಗ ಎದ್ದು, ಗಂಟಲು ಸರಿಮಾಡಿಕೊಂಡು, ಕೈಮುಗಿದು ಹುದ್ದೆ ಬಿಡಬೇಕಿತ್ತು.

ಹುಡುಗ ಎದ್ದ. ರುಮಾಲನ್ನು ಹಿಂದಕ್ಕೆ ಸರಿಸಿಕೊಂಡ. "ಹಿರಿಯಾರು ನನ್ನ ಮ್ಯಾಲ ಇಷ್ಟೊಂದ ಭರವಸೆ ಇಟ್ಟೀರಂತ ನನಗ ಗೊತ್ತಿದ್ದಿಲ್ರಿ. ಇನ್ನಮ್ಯಾಲ ಇನ್ನೂ ಜೋರ್ ಮಾಡ್ತೇನಿ. ನಾಳೆ ನಸುಕಿನ್ಯಾಗ ಎಲ್ಲಾರೂ ಬಯಲಿಗೆ ಬರ್ರೆಪಾ."

ಆಟಗಾರರು ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲಿದ್ದವರಿಗೂ ತಟ್ಟದೆ ವಿಧಿಯಿರಲಿಲ್ಲ. ಮರುದಿನ ನಸುಕಿನಲ್ಲಿ ಅವನ ಸೀಟಿಯ ಸದ್ದು ಅಧ್ಯಕ್ಷರ ಮನೆಯವರೆಗೂ ಕೇಳಿಸಿತಂತೆ.

ಸಮಿತಿ ಮತ್ತೆ ಕೂಡಿತು. ಆದ ಪ್ರಮಾದದ ಕಾರಣವನ್ನು ಅಧ್ಯಕ್ಷರು ಆಗಲೇ ಕಂಡುಹಿಡಿದಿದ್ದರು. "ಶಾಲು ಹಗುರಾತು. ಹುಡುಗಗ ತಿಳೀಲಿಲ್ಲ." ಹೀಗಾಗಿ ಎರಡನೆಯ ಸತ್ಕಾರ ಗೊತ್ತಾಯಿತು. ಭಾರವಾದ, ಜರಿಯಂಚಿನ ಶಾಲನ್ನು ತಾಳಿಕೋಟೆಯಿಂದ ತರಿಸಿದರು. ಈ ಸಲ ಭಾಷಣಗಳಲ್ಲೂ ಸೂಚನೆ ಸ್ಪಷ್ಟವಾಗಿರಬೇಕೆಂದು ನಿರ್ಣಯವಾಯಿತು. ಅಷ್ಟು ಕಷ್ಟಪಡುವ ಬದಲು ಒಂದು ವಾಕ್ಯ ಆಡಿಬಿಡಿರೆಂದು ನಾನು ಅಂಗಲಾಚಿದೆ. ನನಗೆ ವ್ಯವಹಾರ ತಿಳಿಯದೆಂದು ಎಲ್ಲರೂ ಒಪ್ಪಿದರು.

ಎರಡನೆಯ ಸತ್ಕಾರದಲ್ಲಿ ಅಧ್ಯಕ್ಷರು ವಿಶ್ರಾಂತಿಯ ಮಹಿಮೆಯನ್ನು ಬಣ್ಣಿಸಿದರು. ಮೊಣಕಾಲಿನ ನೋವನ್ನು ಲೆಕ್ಕಿಸದೆ ದುಡಿದ ಈ ಜೀವಕ್ಕೆ ವಿಶ್ರಾಂತಿ ಬೇಡವೇ ಎಂದು ಸಭಿಕರನ್ನೇ ಕೇಳಿದರು. ಮಾಸ್ತರರಂತೂ ಸೂಚನೆಯನ್ನು ಬಹುತೇಕ ಬಾಯಿಗೇ ಇಟ್ಟರು: "ಇಂಥಾ ಮ್ಯಾನೇಜರ್ ಮತ್ತ ಸಿಗೂದಿಲ್ಲ. ಇಂವ ಹೋದ ಮ್ಯಾಲ ಈ ಜಾಗಾ ತುಂಬೂದು ಭಾಳ ಕಠಿಣ ಐತಿ. ಆದ್ರ ಯಾರರೆ ಹಿರೇರು ಮುಂದ ಬರಬೇಕಾಕ್ಕೈತಿ."

ಹುಡುಗ ಜರಿಯಂಚಿನ ಶಾಲನ್ನು ಸರಿಪಡಿಸಿಕೊಂಡು ಹೇಳಿದ: "ಗುರುಗಳು ಇಷ್ಟೆಲ್ಲಾ ಅಂತಾರಂದ್ರ ನಾ ಹೋಗೂದ ಇಲ್ರಿ."

ಆಟಗಾರರು ಸಿಳ್ಳೆ ಹೊಡೆದರು. ಅಂದಿನಿಂದ ನಡೆದದ್ದನ್ನು ಯಾವ ಸಮಿತಿಯೂ ಊಹಿಸಿರಲಿಲ್ಲ. ತಂಡದ ಗೋಲ್‌ಕೀಪರ್ ಬೇಕರಿ ನಡೆಸುತ್ತಿದ್ದ, ಅಭ್ಯಾಸಕ್ಕೆ ಬರುವುದೇ ಅಪರೂಪವಾಗಿತ್ತು. ಅವನು ನನ್ನನ್ನು ದಾರಿಯಲ್ಲಿ ನಿಲ್ಲಿಸಿ, "ಸರ, ನಮ್ಮ ಮ್ಯಾನೇಜರಗ ಇಷ್ಟೊಂದ ಕಿಮ್ಮತ್ತ ಐತಿ ಅಂತ ನಾವು ತಿಳ್ದಿದ್ದಿಲ್ರಿ. ನಮ್ಮ ಹುಡುಗ ಅಂತ ಚಾಷ್ಟಿ ಮಾಡ್ಕೋತ ಹೊಂಟಿದ್ವಿ. ಎರಡ ಎರಡ ಸಲ ಶಾಲು ಹಾಕ್ತಾರಂದ್ರ ಸುಮ್ನ ಏನ್ರಿ?" ಎಂದ. ಹಿರಿಯರ ಮಾತನ್ನು ಹಿರಿಯರೇ ನಂಬಿರಲಿಲ್ಲ. ಆಟಗಾರರು ನಂಬಿಬಿಟ್ಟಿದ್ದರು. ನಸುಕಿನ ಅಭ್ಯಾಸಕ್ಕೆ ಇಡೀ ತಂಡ ಬರತೊಡಗಿತು.

ಮೂರನೆಯ ಸತ್ಕಾರದ ಮಾತು ಬಂದಾಗ ನಾನು ತಡೆಯಲಾರದೆ, ಹುಡುಗನಿಗೆ ನಾನೇ ಹೇಳುತ್ತೇನೆಂದು ಎದ್ದೆ. ಸಮಿತಿಗೆ ನಿರಾಳವಾಯಿತು.

ಅಂಗಡಿಯಲ್ಲಿ ಅವನು ಒಂದು ರೇಡಿಯೊ ಬಿಚ್ಚಿಟ್ಟುಕೊಂಡು ಕುಳಿತಿದ್ದ. ನಾನು ಪೀಠಿಕೆ ಹಾಕಲಿಲ್ಲ. "ತಮ್ಮಾ, ನಿನ್ನ ತಗೀಬೇಕಂತ ಸಮಿತಿಯೊಳಗ ಠರಾವ್ ಆಗೇತಿ. ಸತ್ಕಾರ ಮಾಡಿದ್ದು ಅದಕ್ಕ."

ಅವನು ತಲೆ ಎತ್ತಲಿಲ್ಲ. "ಗೊತ್ತೈತ್ರಿ ಸರ. ನಾನೂ ಇದ ಊರಾಗ ಹುಟ್ಟೇನಿ."

"ಗೊತ್ತಿದ್ದೂ ಯಾಕ ಬಿಡಲಿಲ್ಲ?"

"ಬಿಟ್ಟು ಎಲ್ಲಿ ಹೋಗ್ಲಿರಿ? ಆಡಾಕಂತೂ ಈ ಮೊಣಕಾಲು ಬಿಡಂಗಿಲ್ಲ. ಮ್ಯಾನೇಜರಕಿನೂ ಹೋತಂದ್ರ ಆ ಬಯಲಾಗ ನನಗೇನ್ ಕೆಲಸ? ದನಾ ಕೊಳ್ಳಾಕ ಹೋಗಬೇಕಷ್ಟ." ಈಗ ತಲೆ ಎತ್ತಿದ. "ಅವ್ರು ಬಾಯಿ ಬಿಟ್ಟು ಬಿಡಪಾ ಅನ್ಲಿ, ಬಿಡ್ತೇನಿ. ಬಾಗೇವಾಡಿ ಮ್ಯಾಚಿನ ಹಿಂದಿನ ದಿನ ಅಂದ್ರೂ ಬಿಡ್ತೇನಿ. ಬಾಯಿಲೆ ಹೆಮ್ಮೆ ಅಂತಾರ, ಒಳಗ ಬ್ಯಾಡ ಅಂತಾರ. ನಾ ಬಾಯಿ ಮಾತ ಹಿಡದೇನಿ. ತಪ್ಪೇನ್ರಿ?"

ವಾದದಲ್ಲಿ ನನಗೆ ದೋಷ ಕಾಣಲಿಲ್ಲ. ಅವನು ಬಿಚ್ಚಿದ ರೇಡಿಯೊವನ್ನು ಪಕ್ಕಕ್ಕೆ ಸರಿಸಿ ಮತ್ತೆ ಕೇಳಿದ: "ಒಂದ ಮಾತ ಹೇಳ್ರಿ ಸರ. ನಾ ಎಲ್ಲಿ ತಪ್ಪಾಕತ್ತೇನಿ? ಎರಡ ಶಾಲು ಬಂದುವು, ಒಂದ ಬೈಗುಳ ಬರ್ಲಿಲ್ಲ. ಬೈದಿದ್ರ ತಿದ್ಕೋತಿದ್ದೆ."

ಹಿಂದೆ ನಿಂತ ಇಬ್ಬರು ನಿಧಾನಿಗಳ ವಿಷಯ, ಕೂಗಾಟದ ವಿಷಯ, ಆಟಗಾರರನ್ನು ಬದಲಿಸದ ವಿಷಯ ಎಲ್ಲವನ್ನೂ ಹೇಳಿದೆ.

"ಇದನ್ನ ಮೊದಲ ಯಾಕ ಹೇಳ್ಲಿಲ್ರಿ?"

"ಸಭಾದಾಗ ಹೇಳಿದ್ನೆಪಾ, ಎಲ್ಲಾರ ಮುಂದ."

"ಸಭಾಕ್ಕ ನನ್ನ ಕರದಿದ್ದಿಲ್ಲಲ್ರಿ."

ಬಾಗೇವಾಡಿಗೆ ಅವನೇ ತಂಡವನ್ನು ಕರೆದೊಯ್ದ. ಬಾಯಿ ಬಿಟ್ಟು ಹೇಳಿದರೆ ಬಿಡುತ್ತಾನೆಂದು ನಾನು ಸಮಿತಿಗೆ ತಿಳಿಸಿದ್ದರೂ, ಬೇಡವೆನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಸಮಿತಿಯೂ ಅದೇ ಬಸ್ಸಿನಲ್ಲಿ, ಸೋಲನ್ನು ಕಣ್ಣಾರೆ ಕಾಣುವ ಉತ್ಸಾಹದಿಂದ ಹೊರಟಿತು. ನಿಧಾನಿಗಳಲ್ಲಿ ಒಬ್ಬನನ್ನು ಅವನು ಮುಂದಕ್ಕೆ ತಂದಿದ್ದ, ಅವನ ಜಾಗದಲ್ಲಿ ಚುರುಕು ಕಾಲಿನ ಇನ್ನೊಬ್ಬನನ್ನು ನಿಲ್ಲಿಸಿದ್ದ. ಕೂಗಲು ಬಾಯಿ ತೆರೆದಾಗಲೆಲ್ಲ ಟವೆಲಿನ ತುದಿಯನ್ನು ಕಚ್ಚಿಕೊಳ್ಳುತ್ತಿದ್ದ. ವಿರಾಮದ ನಂತರ ಇಬ್ಬರನ್ನು ಬದಲಿಸಿದ. ಬಾಗೇವಾಡಿಯವರು ಮೇಲಿಂದ ಮೇಲೆ ನುಗ್ಗಿದರು, ಬೇಕರಿಯವನು ಮೈಮೇಲೆ ದೆವ್ವ ಬಂದವನಂತೆ ಹಾರಿ ಹಾರಿ ತಡೆದ. ಕೊನೆಯ ಸೀಟಿ ಊದಿದಾಗ ಎರಡೂ ಕಡೆ ಒಂದೂ ಗೋಲು ಆಗಿರಲಿಲ್ಲ. ಅವನು ಅಂಚಿನಲ್ಲಿ, ನೋವಿನ ಕಾಲನ್ನು ಚಾಚಿಕೊಂಡು ನೆಲಕ್ಕೆ ಕುಳಿತುಬಿಟ್ಟ.

ನನ್ನ ಪಕ್ಕದಲ್ಲಿದ್ದ ಅಧ್ಯಕ್ಷರು ಗೊಂದಲಕ್ಕೆ ಬಿದ್ದರು. ನಮ್ಮ ಸಂಘಕ್ಕೆ ಇದು ಹೊಸ ಅನುಭವ. "ಗೆದ್ವೇನ್ರಿ?"

"ಇಲ್ರಿ."

"ಸೋತ್ವೇನು?"

"ಇಲ್ರಿ."

"ಹಂಗಂದ್ರ ಹುಡುಗನ ತಗಿಯೂದೋ, ಇಡೂದೋ?"

ಅದನ್ನು ತೀರ್ಮಾನಿಸಲು ಮರುದಿನ ಅಡತಿ ಅಂಗಡಿಯಲ್ಲಿ ಕೂಡಿದೆವು. ಈ ಸಲ ನಾನು ಯಾರ ಅಪ್ಪಣೆಯನ್ನೂ ಕೇಳದೆ ಹುಡುಗನಿಗೆ ಹೇಳಿಕಳುಹಿಸಿದ್ದೆ. ಅವನು ಬಂದು ಬಾಗಿಲ ಬಳಿ ನಿಂತ. "ನನ್ನ ತಗೀಬೇಕಂತ ಮಾತಾಡೀರಂತ. ತಗೀರಿ. ಆದ್ರ ನನ್ನ ಮಾರಿ ನೋಡಿ ಅನ್ರಿ. ಯಾಕಂತನೂ ಹೇಳ್ರಿ."

ಅಧ್ಯಕ್ಷರು ಚಹಾ ತರಿಸಲು ಕೂಗಿದರು. ಒಬ್ಬರು ತೊಗರಿಯ ಕಾಳುಗಳನ್ನು ಅಂಗೈಯಲ್ಲಿಟ್ಟು ಪರೀಕ್ಷಿಸತೊಡಗಿದರು. ಮಾಸ್ತರರನ್ನು ಮೆಚ್ಚಬೇಕು, ಅವರೊಬ್ಬರೇ ಬಾಯಿ ಬಿಟ್ಟರು. "ನೀ ಭಾಳ ಸಣ್ಣಾವ ಅದೀ. ಅದ ಕಾರಣ."

"ಅದಕ್ಕ ನಾ ಏನ್ ಮಾಡ್ಲಿರಿ ಗುರುಗಳ? ದಿನಾ ಒಂದೊಂದ ದಿನ ದೊಡ್ಡಾವ ಆಗಾಕತ್ತೇನಿ."

ಮಾಸ್ತರರೇ ಮೊದಲು ನಕ್ಕರು. ನಾನು ನಿರ್ಣಯ ಮಂಡಿಸಿದೆ: ಮುಂದಿನ ಚಳಿಗಾಲಕ್ಕೂ ಇವನೇ ಮ್ಯಾನೇಜರ್, ಪ್ರತಿ ಪಂದ್ಯದ ಮರುದಿನ ಇವನನ್ನು ಕೂರಿಸಿಕೊಂಡು ತಪ್ಪುಗಳನ್ನು ಇವನಿಗೇ ಹೇಳತಕ್ಕದ್ದು, ವಿರೋಧವಿದ್ದವರು ಕೈಯೆತ್ತಿರಿ. ಅವನ ಗೈರುಹಾಜರಿಯಲ್ಲಿ ಅಷ್ಟು ಚುರುಕಾಗಿ ಎದ್ದಿದ್ದ ಕೈಗಳೆಲ್ಲ ಆಗ ಚಹಾದ ಕಪ್ಪು ಹಿಡಿದುಕೊಂಡಿದ್ದವು. ನಿರ್ಣಯ ಸರ್ವಾನುಮತದಿಂದ ಅಂಗೀಕೃತವಾಯಿತೆಂದು ಅಧ್ಯಕ್ಷರೇ ಸಾರಿದರು. ತಾವು ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದುದಾಗಿಯೂ ಸೇರಿಸಿದರು.

ಇದಾದ ಮೇಲೆ ಸಿಂದಗಿ ಉಳಿದ ಮೂರೂ ಊರುಗಳನ್ನು ಸೋಲಿಸಿ ಮೆರೆಯಿತೆಂದು ಬರೆಯಲು ಆಸೆಯಿದೆ. ಮರುವರ್ಷ ನಾವು ಮೂರನೆಯ ಸ್ಥಾನಕ್ಕೆ ಏರಿದೆವು. ತಂಡಗಳಿದ್ದದ್ದು ನಾಲ್ಕೇ. ಪಂದ್ಯದ ಮರುದಿನ ತಪ್ಪು ಹೇಳುವ ಸಭೆಗೆ ಮೊದಲು ನಾನೊಬ್ಬನೇ ಹೋಗುತ್ತಿದ್ದೆ. ನಿಧಾನವಾಗಿ ಮಾಸ್ತರರೂ ಬಂದರು, ಮೆತ್ತಗಿನ ಮಾತೆಂದರೆ ಏನೆಂದು ತಿಳಿಯದ ಅವರು ಆ ಕೆಲಸಕ್ಕೆ ಬಹಳ ಒಗ್ಗಿದರು. ಅದಾದ ಕೆಲವು ವರ್ಷಗಳ ಮೇಲೆ, ಹುಡುಗ ಹಟಮಾರಿಯಾಗಿದ್ದಾನೆ, ಇನ್ನು ಬೇರೆಯವರು ಬರಲಿ ಎಂದು ನನಗೇ ಅನ್ನಿಸಿತು. ಅವನ ಅಂಗಡಿಗೆ ಹೋಗಿ ಹಾಗೆಂದೆ. ಒಂದು ಸಂಜೆಯಿಡೀ ಜಗಳವಾಡಿದೆವು. ನನ್ನ ಕಾರಣಗಳಲ್ಲಿ ಅರ್ಧವನ್ನು ಒಪ್ಪಿದ, ಅರ್ಧವನ್ನು ತಳ್ಳಿಹಾಕಿದ, ಮುಂದಿನ ಚಳಿಗಾಲದ ನಂತರ ತಾನೇ ಬಿಟ್ಟುಕೊಟ್ಟ. ಯಾರ ಸತ್ಕಾರವೂ ಬೇಕಾಗಲಿಲ್ಲ.

ಒಂದು ತಂಡ ಸೋಲುತ್ತಿರುವಾಗ ಅನನುಭವಿ ಮ್ಯಾನೇಜರನನ್ನು ಬದಲಿಸಬೇಕೇ ಎಂಬ ಪ್ರಶ್ನೆಗೆ ಎಲ್ಲ ಊರಿಗೂ ಒಪ್ಪುವ ಉತ್ತರ ನನ್ನಲ್ಲಿಲ್ಲ. ಕೆಲವೊಮ್ಮೆ ಬದಲಿಸಲೇಬೇಕು. ಆದರೆ ತನ್ನ ತಪ್ಪೇನೆಂದು ಯಾರಿಂದಲೂ ಕೇಳದವನು ಅನುಭವವನ್ನು ಎಲ್ಲಿಂದ ತರಬೇಕು? ಆದ್ದರಿಂದ ನನ್ನ ಕೋರಿಕೆ ಇಷ್ಟೆ. ನಿಮ್ಮ ಸಂಘದಲ್ಲೋ, ಶಾಲೆಯ ಸಮಿತಿಯಲ್ಲೋ, ಸೊಸೈಟಿಯಲ್ಲೋ ಯಾರನ್ನಾದರೂ ತೆಗೆಯುವ ವಿಷಯ ಮುಂದಿನ ಸಭೆಗೆ ಬರುವುದಿದ್ದರೆ, ಆ ವ್ಯಕ್ತಿಗೆ ಇಂದೇ ಹೇಳಿಕಳುಹಿಸಿ. ಅವರನ್ನು ಸಭೆಯಲ್ಲಿ ಕೂರಿಸಿಕೊಳ್ಳಿ, ನಿಮ್ಮ ಕಾರಣವನ್ನು ಮೊದಲು ಅವರಿಗೇ ಹೇಳಿ, ಅವರ ಉತ್ತರವನ್ನು ಕೇಳಿ. ಕೈಯೆತ್ತುವುದು ಆಮೇಲೆ.